ಕೊಳೆ ಎಲ್ಲಿಂದ ಬರುತ್ತಿದೆ? ಮರದಲ್ಲಿ, ಮಣ್ಣಿನಲ್ಲಿ, ಹಳ್ಳದ ನೀರಿನಲ್ಲಿ ಫೈಟೋಫ್ತೋರಾ ಪತ್ತೆ ಮಾಡುವ ಬಗೆ

ಮಳೆ ಹಿಡಿಯಿತು ಅಂದರೆ ನನಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಎರಡೇ. ಒಂದು, ಅಡಿಕೆ ಉದುರುತ್ತಿದೆ ಅಥವಾ ಮೆಣಸಿನ ಬಳ್ಳಿ ಸೊರಗುತ್ತಿದೆ, ಇದು ಕೊಳೆಯೋ ಬೇರೆ ರೋಗವೋ? ಎರಡು, ಮೇಲಿನ ತೋಟಗಳ ನೀರು ಹಳ್ಳದಲ್ಲಿ ನಮ್ಮ ತೋಟಕ್ಕೇ ಬರುತ್ತದೆ, ರೋಗವೂ ಅದರ ಜೊತೆ ಬರುತ್ತಿದೆಯಾ? ಎರಡಕ್ಕೂ ಉತ್ತರ ಹುಡುಕಬಹುದು. ಅರ್ಧ ಕೆಲಸವನ್ನು ನಿಮ್ಮ ಮನೆಯ ಜಗಲಿಯಲ್ಲೇ ಮಾಡಬಹುದು, ಉಳಿದರ್ಧ ಲ್ಯಾಬ್‌ನದು. ಆದರೆ ಲ್ಯಾಬ್ ಎಷ್ಟೇ ಒಳ್ಳೆಯದಿರಲಿ, ನೀವು ಕೊಟ್ಟ ಮಾದರಿ ಸರಿ ಇಲ್ಲದಿದ್ದರೆ ಅವರ ಉತ್ತರವೂ ಸರಿ ಇರುವುದಿಲ್ಲ. ಅದಕ್ಕೇ ಈ ಲೇಖನದಲ್ಲಿ ಜಾಸ್ತಿ ಜಾಗ ಮಾದರಿ ತೆಗೆಯುವುದಕ್ಕೆ ಮೀಸಲು.

ಮೊದಲು ಶತ್ರು ಯಾರು ಅಂತ ನೋಡೋಣ

ಅಡಿಕೆಯ ಕೊಳೆ, ಕಾಳುಮೆಣಸಿನ ಶೀಘ್ರ ಸೊರಗು, ತೆಂಗಿನ ಸುಳಿ ಕೊಳೆ, ಈ ಮೂರರ ಹಿಂದೆಯೂ ಫೈಟೋಫ್ತೋರಾ ಎಂಬ ಒಂದೇ ಕುಲದ ಜೀವಿಗಳಿವೆ. ಜಾತಿ ಮಾತ್ರ ಬೇರೆ ಬೇರೆ. ಅಡಿಕೆಯಲ್ಲಿ ಮುಖ್ಯವಾಗಿ ಫೈಟೋಫ್ತೋರಾ ಮೀಡಿ, ಮೆಣಸಿನಲ್ಲಿ ಫೈಟೋಫ್ತೋರಾ ಕ್ಯಾಪ್ಸಿಸಿ, ತೆಂಗಿನಲ್ಲಿ ಫೈಟೋಫ್ತೋರಾ ಪಾಮಿವೋರಾ. ನಮ್ಮಲ್ಲಿ ಇದು ಹೊಸ ವಿಷಯವೇನಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ಕೊಳೆಯ ಬಗ್ಗೆ 1910ರಲ್ಲೇ ವಿವರವಾಗಿ ಬರೆದಿದ್ದರು.

ನೋಡಲು ಶಿಲೀಂಧ್ರದ ಹಾಗೇ ಇದ್ದರೂ ಇದು ನಿಜವಾದ ಶಿಲೀಂಧ್ರ ಅಲ್ಲ, ಊಮೈಸೀಟ್ ಅಂತ ಕರೆಯುವ ಬೇರೆಯೇ ಗುಂಪು. ಪಾಚಿಗಳಿಗೆ ಹತ್ತಿರದ ನೆಂಟ. ನಮ್ಮ ಕೆಲಸಕ್ಕೆ ಬೇಕಾದ ಗುಣ ಒಂದೇ: ಇದು ಈಜುತ್ತದೆ. ಒದ್ದೆ ಸಿಕ್ಕಾಗ ಸ್ಪೊರಾಂಜಿಯಂ ಎಂಬ ಸಣ್ಣ ಚೀಲ ಬೆಳೆಯುತ್ತದೆ. ಅದರೊಳಗಿಂದ ಝೂಸ್ಪೋರ್‌ಗಳು, ಅಂದರೆ ಎರಡು ಬಾಲವಿರುವ ಈಜುವ ಬೀಜಾಣುಗಳು, ಹೊರಬರುತ್ತವೆ. ಬೇರಿನಿಂದ, ಗಾಯವಾದ ಎಲೆಯಿಂದ ಸೋರುವ ರಸದ ವಾಸನೆ ಹಿಡಿದು ಅವು ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತವೆ. ಈ ಗುಣವನ್ನೇ ಬಳಸಿ ಅದನ್ನು ಹಿಡಿಯುವ ವಿಧಾನಕ್ಕೆ ಬೇಟಿಂಗ್ ಅನ್ನುತ್ತಾರೆ. ಗಾಳಕ್ಕೆ ಹುಳ ಸಿಕ್ಕಿಸಿ ಮೀನು ಹಿಡಿದ ಹಾಗೆ, ಇಲ್ಲಿ ಎಲೆಯೇ ಆಮಿಷ. ಕ್ಯಾಲಿಫೋರ್ನಿಯಾ, ಒರೆಗಾನ್‌ಗಳಲ್ಲಿ ಓಕ್ ಮರಗಳನ್ನು ಕೊಲ್ಲುವ ಫೈಟೋಫ್ತೋರಾ ರಾಮೋರಮ್ ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಲು ಕಾಡಿನ ಹೊಳೆಗಳಲ್ಲಿ ರೋಡೋಡೆಂಡ್ರನ್ ಎಲೆಗಳ ಚೀಲ ತೇಲಿಬಿಡುತ್ತಾರೆ. ಕಾಡಿನ ಒಂದೊಂದೇ ಮರ ನೋಡುತ್ತಾ ಹೋಗುವುದಕ್ಕಿಂತ, ಇಡೀ ಕಣಿವೆಯ ನೀರು ಬಂದು ಸೇರುವ ಜಾಗದಲ್ಲಿ ನೋಡುವುದು ಸುಲಭ ಅಲ್ವಾ? ಅದೇ ಉಪಾಯ ನಮ್ಮ ಹಳ್ಳ, ತೋಡುಗಳಿಗೂ ಆಗುತ್ತದೆ.

ಏನೇನು ಬೇಕು

ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಗಳು, ಜಿಪ್ ಕವರ್, ಹಳೆ ಪೇಪರ್, ಹರಿತವಾದ ಚಾಕು, ಸಣ್ಣ ಗುದ್ದಲಿ, ಸರ್ಜಿಕಲ್ ಸ್ಪಿರಿಟ್, ಸೊಳ್ಳೆ ಪರದೆಯ ತುಂಡು, ನೈಲಾನ್ ಹಗ್ಗ, ಪರ್ಮನೆಂಟ್ ಮಾರ್ಕರ್. ಔಷಧಿ ಹೊಡೆಯದ, ಆರೋಗ್ಯವಾಗಿರುವ ಮೆಣಸಿನ ಎಲೆಗಳು. ಗಟ್ಟಿಯಾದ ಒಂದೆರಡು ಹಸಿರು ಸೇಬು. ಭೂತಗನ್ನಡಿ ಇದ್ದರೆ ಒಳ್ಳೆಯದು. ಹತ್ತಿರದ ಹೈಸ್ಕೂಲು ಅಥವಾ ಕಾಲೇಜಿನಲ್ಲಿ ಮೈಕ್ರೋಸ್ಕೋಪ್ ಸಿಕ್ಕರೆ ಇನ್ನೂ ಒಳ್ಳೆಯದು. ಸುಮಾರು 140 ಪಟ್ಟು ದೊಡ್ಡದು ಮಾಡಿ ತೋರಿಸುವ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಮೈಕ್ರೋಸ್ಕೋಪ್ ಕೂಡ ಈ ಕೆಲಸಕ್ಕೆ ನಡೆಯುತ್ತದೆ.

ನೀರಿನ ಬಗ್ಗೆ ಎರಡು ಎಚ್ಚರಿಕೆ ಈಗಲೇ ಹೇಳುತ್ತೇನೆ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ತಾಮ್ರದ ಪಾತ್ರೆಯಂತೂ ಬೇಡವೇ ಬೇಡ. ಝೂಸ್ಪೋರ್‌ಗಳು ತಾಮ್ರ ತಾಗಿದರೆ ಸಾಯುತ್ತವೆ, ಮೈಲುತುತ್ತ, ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಕೆಲಸ ಮಾಡುವುದು ಇದರಿಂದಲೇ. ತಾಮ್ರದ ಹಂಡೆಯಲ್ಲಿ ತುಂಬಿಟ್ಟ ನೀರು ಬಳಸಿ ನಮ್ಮಲ್ಲಿ ರೋಗ ಇಲ್ಲ ಅಂತ ಖುಷಿಪಟ್ಟರೆ ಏನು ಪ್ರಯೋಜನ? ಕುದಿಸಿ ಆರಿಸಿದ ಬಾವಿ ನೀರು ಅಥವಾ ಮಳೆ ನೀರು ಸಾಕು, ಸ್ಟೀಲ್ ಪಾತ್ರೆಯಲ್ಲಿ.

ಹಂತ 1: ಮರವನ್ನು ಸರಿಯಾಗಿ ನೋಡಿ

ಸೊರಗಿದ್ದೆಲ್ಲ ಕೊಳೆ ಅಲ್ಲ. ಅಡಿಕೆಯಲ್ಲಿ ಕೊಳೆ ಬಂದರೆ ಕಾಯಿಯ ತೊಟ್ಟಿನ ಕಡೆಯಿಂದ ನೀರು ಹೀರಿದಂಥ ಕಡು ಹಸಿರು ಮಚ್ಚೆ ಶುರುವಾಗಿ ಹರಡುತ್ತದೆ, ಕಾಯಿ ಉದುರುತ್ತದೆ, ಬಿದ್ದ ಕಾಯಿಯ ಮೇಲೆ ಬಿಳಿ ಬೂಷ್ಟು ಕೂರುತ್ತದೆ. ಬುಡದಲ್ಲಿ ಅಣಬೆ ಮೂಡಿ, ಕಾಂಡದಿಂದ ಕಂದು ರಸ ಸೋರುತ್ತಿದ್ದರೆ ಅದು ಗ್ಯಾನೋಡರ್ಮಾ ಎಂಬ ಶಿಲೀಂಧ್ರದ ಅಣಬೆ ರೋಗ. ಎಲೆ ತುದಿಯಿಂದ ಹಳದಿಯಾಗುತ್ತಾ ವರ್ಷಗಟ್ಟಲೆ ಇಳುವರಿ ಇಳಿಯುತ್ತಿದ್ದರೆ ಹಳದಿ ಎಲೆ ರೋಗದ ಅನುಮಾನ ಪಡಿ. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ ಎಂಬ ಅತಿ ಸಣ್ಣ ಜೀವಿ. ಸೋಗೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಒಣಗುವುದು ಎಲೆ ಚುಕ್ಕೆ ರೋಗ. ಈ ಯಾವುದೂ ಮುಂದೆ ಹೇಳುವ ಆಮಿಷದ ಎಲೆಗೆ ಸಿಗುವುದಿಲ್ಲ.

ಮೆಣಸಿನಲ್ಲಿ ಗುರುತು ಹಿಡಿಯುವುದು ಸ್ವಲ್ಪ ಸುಲಭ. ಎಳೆ ಎಲೆಯ ಮೇಲೆ ಕಪ್ಪು ಮಚ್ಚೆ ಬೀಳುತ್ತದೆ, ಅಂಚು ನೂಲು ಬಿಟ್ಟ ಬಟ್ಟೆಯಂತೆ ಹರಡುತ್ತಾ ಹೋಗುತ್ತದೆ. ಬುಡದ ತೊಗಟೆ ಕಪ್ಪಾಗಿ ಕೊಳೆತರೆ ಬಳ್ಳಿ ಕೆಲವೇ ವಾರಗಳಲ್ಲಿ ಎಲೆ ಉದುರಿಸಿ ಸಾಯುತ್ತದೆ. ಕಷ್ಟ ಇರುವುದು ಬೇರಿಗೆ ಮಾತ್ರ ತಗುಲಿದಾಗ. ಮಳೆಗಾಲದಲ್ಲಿ ತೆಳು ಬೇರು ಕೊಳೆತಿರುತ್ತದೆ, ಮಣ್ಣು ಒದ್ದೆ ಇರುವ ತನಕ ಬಳ್ಳಿ ಹೇಗೋ ನಿಭಾಯಿಸುತ್ತದೆ, ಮಳೆ ನಿಂತ ಮೇಲೆ ಹಳದಿಯಾಗುತ್ತದೆ. ಆಗ ನೆಮಟೋಡ್, ಅಂದರೆ ಬೇರಿನ ಜಂತುಹುಳು, ಜೊತೆಗಿರುವುದೂ ಇದೆ. ಹಾಗಾಗಿ ಬೇರಿನಲ್ಲಿ ಗಂಟುಗಳಿವೆಯಾ ಅಂತಲೂ ನೋಡಿ ಬರೆದಿಟ್ಟುಕೊಳ್ಳಿ.

ಹಂತ 2: ರೋಗದ ಭಾಗದಿಂದ ಮಾದರಿ ತೆಗೆಯಿರಿ

ಎಲ್ಲರೂ ಪೂರ್ತಿ ಕೊಳೆತು ಕಪ್ಪಾದ ಭಾಗವನ್ನೇ ಕಿತ್ತು ಕಳಿಸುತ್ತಾರೆ. ಅದರಲ್ಲಿ ಫೈಟೋಫ್ತೋರಾ ಸಿಗುವುದು ಕಡಿಮೆ. ಅದು ಮುಂದೆ ಹೋಗಿಯಾಗಿರುತ್ತದೆ, ಅದರ ಹಿಂದೆ ಬಂದ ಬ್ಯಾಕ್ಟೀರಿಯಾ, ಮಾಮೂಲಿ ಬೂಷ್ಟು ಅಲ್ಲಿ ತುಂಬಿರುತ್ತವೆ. ನಿಮಗೆ ಬೇಕಾಗಿರುವುದು ಗಡಿ: ಆರೋಗ್ಯವಾದ ಭಾಗವೂ ರೋಗದ ಭಾಗವೂ ಸೇರುವ ಜಾಗ. ಕಾಂಡವಾದರೆ ಹೊರ ತೊಗಟೆಯನ್ನು ತೆಳುವಾಗಿ ಕೆತ್ತಿ, ಬಣ್ಣ ಬದಲಾಗುವ ಗೆರೆ ಎಲ್ಲಿದೆ ನೋಡಿ, ಗೆರೆಯ ಎರಡೂ ಕಡೆ ಸೇರುವಂತೆ ತುಂಡು ತೆಗೆಯಿರಿ. ಕಾಯಿಯಾದರೆ ಮಚ್ಚೆ ಇನ್ನೂ ಅರ್ಧಕ್ಕೆ ಹರಡಿರುವ ಕಾಯಿ ಆರಿಸಿ. ನೆಲಕ್ಕೆ ಬಿದ್ದು ವಾರವಾದದ್ದು ಬೇಡ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ.

ತೆಗೆದದ್ದನ್ನು ಸ್ವಲ್ಪ ಒದ್ದೆ ಮಾಡಿದ ಪೇಪರಿನಲ್ಲಿ ಸುತ್ತಿ ಜಿಪ್ ಕವರಿಗೆ ಹಾಕಿ. ಒಣಗಿದರೆ ಇದು ಬೇಗ ಸಾಯುತ್ತದೆ, ನೀರು ತೊಟ್ಟಿಕ್ಕುತ್ತಿದ್ದರೆ ಬ್ಯಾಕ್ಟೀರಿಯಾ ಗೆಲ್ಲುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ಫ್ರಿಜ್‌ನಲ್ಲೂ ಇಡಬೇಡಿ, ನಮ್ಮ ಬಿಸಿ ಪ್ರದೇಶದ ಜಾತಿಗಳಿಗೆ, ಮುಖ್ಯವಾಗಿ ಮೆಣಸಿನದ್ದಕ್ಕೆ, ಆ ಚಳಿ ಆಗಿಬರುವುದಿಲ್ಲ. ಮನೆಯ ತಂಪಾದ ಮೂಲೆ ಸಾಕು, ಒಂದೆರಡು ದಿನದೊಳಗೆ ಮುಂದಿನ ಕೆಲಸ ಆಗಬೇಕು.

ಕವರ್ ಮೇಲೆ ತಾರೀಕು, ಮರ ಎಲ್ಲಿದೆ, ಯಾವ ಭಾಗ, ಕೊನೆಯ ಸಲ ಯಾವ ಔಷಧಿ ಯಾವಾಗ ಹೊಡೆದಿದ್ದೀರಿ, ಇಷ್ಟನ್ನು ಅಲ್ಲೇ ನಿಂತು ಬರೆಯಿರಿ. ಮನೆಗೆ ಹೋಗಿ ಬರೆಯುತ್ತೇನೆ ಅಂದರೆ ಕವರುಗಳು ಅದಲುಬದಲಾಗುತ್ತವೆ.

ಒಂದು ಸುಲಭ ಪರೀಕ್ಷೆ: ಹಸಿರು ಸೇಬನ್ನು ತೊಳೆದು ಸ್ಪಿರಿಟ್‌ನಲ್ಲಿ ಒರೆಸಿ, ಚಾಕುವಿನಿಂದ ಸಣ್ಣ ಕುಳಿ ಮಾಡಿ, ಗಡಿಯ ತುಂಡನ್ನು ಒಳಗೆ ಸೇರಿಸಿ ಟೇಪ್ ಅಂಟಿಸಿ. ಇನ್ನೊಂದು ಸೇಬಿಗೆ ಏನೂ ಹಾಕದೆ ಬರೀ ಕುಳಿ ಮಾಡಿ ಟೇಪ್ ಅಂಟಿಸಿ, ಅದು ತಾಳೆ ನೋಡುವುದಕ್ಕೆ. ನಾಲ್ಕೈದು ದಿನದಲ್ಲಿ ಕುಳಿಯ ಸುತ್ತ ಕಂದು ಬಣ್ಣ ಹರಡಿಯೂ ಸೇಬು ಗಟ್ಟಿಯಾಗೇ ಇದ್ದರೆ ಫೈಟೋಫ್ತೋರಾ ಇರಬಹುದು. ಒತ್ತಿದರೆ ಪಿಚಕ್ ಅನ್ನುವ ಮೆತ್ತಗಿನ ಕೊಳೆತವಾದರೆ ಬೇರೆ ಏನೋ.

ಹಂತ 3: ಬುಡದ ಮಣ್ಣು

ಮಣ್ಣು ಒದ್ದೆಯಾಗಿ, ಹದವಾಗಿ ಬೆಚ್ಚಗಿರುವ ಕಾಲ ಒಳ್ಳೆಯದು, ಅಂದರೆ ಮಳೆಗಾಲದ ನಡುವಿನಿಂದ ಕೊನೆಯವರೆಗೆ. ಮೇಲಿನ ಕಸ, ಸೊಪ್ಪು ಸರಿಸಿ, 5ರಿಂದ 20 ಸೆಂಟಿಮೀಟರ್ ಆಳದಲ್ಲಿ, ತೆಳು ಬೇರು ಇರುವ ಕಡೆಯಿಂದ ತೆಗೆಯಿರಿ. ಬೇರೂ ಸ್ವಲ್ಪ ಬರಲಿ, ಬರಬೇಕು ಕೂಡ. ಒಂದು ಮರಕ್ಕೆ ನಾಲ್ಕು ದಿಕ್ಕಿನಿಂದ ಒಂದೊಂದು ಹಿಡಿ ತೆಗೆದು ಒಟ್ಟು ಸೇರಿಸಿ.

ಸತ್ತ ಬಳ್ಳಿಯ ಬುಡಕ್ಕಿಂತ, ಈಗಷ್ಟೇ ಹಳದಿಯಾಗುತ್ತಿರುವ ಬಳ್ಳಿಯ ಬುಡ ಒಳ್ಳೆಯದು. ಅದರ ಪಕ್ಕದ, ಇನ್ನೂ ಹಸಿರಾಗಿರುವ ಬಳ್ಳಿಯದ್ದೂ ಒಂದು ಬೇರೆ ಕವರಿನಲ್ಲಿ ಇರಲಿ. ಬೋರ್ಡೋ ಸುರಿದು ಅಥವಾ ಮೆಟಲಾಕ್ಸಿಲ್‌ನಂಥ ಔಷಧಿ ಹಾಕಿ ಕೆಲವೇ ದಿನಗಳಾಗಿದ್ದರೆ ಕಾಯಿರಿ. ಔಷಧಿ ಅದನ್ನು ಕೊಂದಿರಲಿಕ್ಕಿಲ್ಲ, ಸುಮ್ನೆ ಅಡಗಿಸಿಟ್ಟಿರುತ್ತದೆ, ಪರೀಕ್ಷೆಯಲ್ಲಿ ಇಲ್ಲ ಅಂತ ಬರುತ್ತದೆ.

ಬೇಸಿಗೆಯಲ್ಲೇ ತೆಗೆಯಬೇಕಾಗಿ ಬಂದರೆ ಒಣ ಮಣ್ಣನ್ನು ನೇರವಾಗಿ ನೀರಿಗೆ ಹಾಕಬೇಡಿ. ಬರೀ ತೇವ ಆಗುವಷ್ಟು ನೀರು ಚಿಮುಕಿಸಿ ನಾಲ್ಕೈದು ದಿನ ಮುಚ್ಚಿಡಿ. ಒಣಗಿದ ಕಾಲದಲ್ಲಿ ಇದು ದಪ್ಪ ಗೋಡೆಯ ಬೀಜಾಣುಗಳಾಗಿ ಮಲಗಿರುತ್ತದೆ, ಎದ್ದು ಸ್ಪೊರಾಂಜಿಯಂ ಬೆಳೆಯಲು ಸಮಯ ಬೇಕು.

ಹಂತ 4: ಮಣ್ಣಿಗೆ ಆಮಿಷ

ಡಬ್ಬದಲ್ಲಿ ಸುಮಾರು 200 ಗ್ರಾಂ ಮಣ್ಣು ಹಾಕಿ. ಮೇಲೆ ಎರಡು ಮೂರು ಸೆಂಟಿಮೀಟರ್ ನಿಲ್ಲುವಷ್ಟು ನೀರನ್ನು ಅಂಚಿನಿಂದ ನಿಧಾನಕ್ಕೆ ಬಿಡಿ. ಕಲಕಬೇಡಿ. ತೇಲಿದ ಕಸ ತೆಗೆದು, ಕೆಸರು ಕೂತ ಮೇಲೆ ಎಲೆ ಬಿಡಿ. ಮೆಣಸಿನ ಎಲೆಯನ್ನು ಬೆರಳುಗುರಿನಷ್ಟು ಚೌಕಗಳಾಗಿ ಕತ್ತರಿಸಿ, ಏಳೆಂಟು ತುಂಡು ತೇಲಿಸಿದರೆ ಸಾಕು. ಕತ್ತರಿಸಿದ ಅಂಚಿನಿಂದ ಸೋರುವ ರಸವೇ ಝೂಸ್ಪೋರ್‌ಗಳನ್ನು ಕರೆಯುವುದು. ಮೆಣಸಿನ ಸಂಶೋಧನೆಯಲ್ಲಿ ಆಲ್ಬಿಜಿಯಾ ಮರದ ಸಣ್ಣ ಎಲೆ, ಹರಳು ಬೀಜ ಇವನ್ನೂ ಆಮಿಷವಾಗಿ ಬಳಸುತ್ತಾರೆ. ಅಡಿಕೆ ತೋಟದ ಮಣ್ಣಾದರೆ ಮೆಣಸಿನ ಎಲೆಯ ಜೊತೆ ಎಳೆ ಅಡಿಕೆ ಕಾಯಿಯನ್ನು ಸೀಳಿ ಅರ್ಧ ಮುಳುಗುವಂತೆ ಇಡಿ.

ಇನ್ನೊಂದು ಡಬ್ಬಕ್ಕೆ ಮಣ್ಣು ಬೇಡ, ಬರೀ ಕುದಿಸಿ ಆರಿಸಿದ ನೀರು ಮತ್ತು ಅದೇ ಎಲೆಯ ತುಂಡುಗಳು. ಇದನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಅದರಲ್ಲೂ ಮಚ್ಚೆ ಬಂದರೆ ನಿಮ್ಮ ಎಲೆಯಲ್ಲೇ ರೋಗ ಇತ್ತು ಅಂತ ಅರ್ಥ, ಇಡೀ ಪರೀಕ್ಷೆ ಮೊದಲಿಂದ ಮಾಡಬೇಕು.

ಮುಚ್ಚಳ ಸಡಿಲವಾಗಿ ಇಟ್ಟು, ಬೆಳಕಿದ್ದು ಬಿಸಿಲು ಬೀಳದ ಜಾಗದಲ್ಲಿ, 20ರಿಂದ 27 ಡಿಗ್ರಿ ಸೆಲ್ಸಿಯಸ್ ಇರುವ ಕಡೆ ಇಡಿ. ಮಲೆನಾಡಿನ ಮಳೆಗಾಲದ ಮನೆಯೊಳಗೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಎರಡನೇ ದಿನದಿಂದ ದಿನಾ ನೋಡಿ, ಐದಾರು ದಿನಕ್ಕೆ ನಿಲ್ಲಿಸಿ.

ಹಂತ 5: ಹಳ್ಳದ ನೀರಿಗೆ ಆಮಿಷ

ಜನ ಅತಿ ಹೆಚ್ಚು ಕೇಳುವುದು ಇದನ್ನೇ. ಇಲ್ಲಿ ಜಾಗದ ಆಯ್ಕೆಯೇ ಮುಖ್ಯ. ಒಂದೇ ಚೀಲ ಹಾಕಿದರೆ ಹಳ್ಳದಲ್ಲಿ ಏನೋ ಇದೆ ಅಂತಷ್ಟೇ ಗೊತ್ತಾಗುತ್ತದೆ, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಕನಿಷ್ಠ ಮೂರು ಚೀಲ ಬೇಕು: ಹಳ್ಳ ನಿಮ್ಮ ತೋಟಕ್ಕೆ ಬರುವ ಜಾಗದಲ್ಲಿ ಒಂದು, ನಿಮ್ಮ ಬಸಿಗಾಲುವೆ ಹಳ್ಳಕ್ಕೆ ಸೇರುವ ಮೊದಲು ಕಾಲುವೆಯಲ್ಲೇ ಒಂದು, ಹಳ್ಳ ತೋಟ ದಾಟಿ ಹೋಗುವ ಕಡೆ ಇನ್ನೊಂದು. ಸಾಧ್ಯವಾದರೆ ಕಾಡಿನೊಳಗೆ, ಯಾವ ತೋಟವೂ ಇಲ್ಲದ ಮೇಲಿನ ಭಾಗದಲ್ಲಿ ನಾಲ್ಕನೆಯದು. ನೀರಾವರಿಗೆ ಕೆರೆ ಅಥವಾ ತೊಟ್ಟಿ ಇದ್ದರೆ ಅದಕ್ಕೂ ಒಂದು ಹಾಕಿ.

ಸೊಳ್ಳೆ ಪರದೆಯಿಂದ ಅಂಗೈ ಎರಡರಷ್ಟು ಅಗಲದ ಚೀಲ ಹೊಲಿದು, ಒಳಗೆ ಐದಾರು ಇಡೀ ಎಲೆ ಒಂದರ ಮೇಲೊಂದು ಬೀಳದಂತೆ ಹರಡಿ. ಇಲ್ಲಿ ಎಲೆ ಕತ್ತರಿಸಬೇಡಿ, ಹರಿಯುವ ನೀರಲ್ಲಿ ಬೇಗ ಕೊಳೆಯುತ್ತದೆ. ಸಣ್ಣ ಥರ್ಮೋಕೋಲ್ ತುಂಡು ಸೇರಿಸಿದರೆ ಚೀಲ ತೇಲುತ್ತದೆ, ತಳದ ಕೆಸರಿನಲ್ಲಿ ಹೂತುಕೊಳ್ಳುವುದಿಲ್ಲ. ನೆರಳಿರುವ ಕಡೆ, ನೀರು ನಿಧಾನವಾಗಿ ಸರಿಯುವ ಜಾಗದಲ್ಲಿ, ದಡದ ಗಟ್ಟಿ ಬೇರಿಗೆ ಕಟ್ಟಿ. ನೆರೆ ಬರುವ ದಿನ ಬೇಡ, ಚೀಲವೂ ಹೋಗುತ್ತದೆ, ಇಳಿಯಲು ಹೋದವರಿಗೂ ಅಪಾಯ. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹಾಕಿ.

ತಂಪು ದೇಶದ ಹೊಳೆಗಳಲ್ಲಿ ಒಂದೆರಡು ವಾರ ಬಿಡುತ್ತಾರೆ. ನಮ್ಮ ನೀರು ಬೆಚ್ಚಗಿರುವುದರಿಂದ ಮೂರರಿಂದ ಐದು ದಿನ ಸಾಕು, ಆಮೇಲೆ ಎಲೆ ಲೋಳೆಯಾಗುತ್ತದೆ.

ಹಳ್ಳಕ್ಕೆ ಚೀಲ ಕಟ್ಟಲು ಆಗದಿದ್ದರೆ ಬಾಟಲಿ ವಿಧಾನ ಇದೆ. ಒಂದು ಲೀಟರ್ ನೀರು ತುಂಬಿ, ಮನೆಗೆ ತಂದು, ಅದೇ ದಿನ ಅಗಲ ಡಬ್ಬಕ್ಕೆ ಸುರಿದು ಎಲೆ ತುಂಡು ತೇಲಿಸಿ. ದಾರಿಯಲ್ಲಿ ಕುಲುಕಬೇಡಿ. ಜೋರಾಗಿ ಅಲುಗಾಡಿದರೆ ಝೂಸ್ಪೋರ್‌ಗಳು ಬಾಲ ಕಳಚಿ ಗುಂಡಗಾಗಿ ಕೂತುಬಿಡುತ್ತವೆ, ಆಮಿಷದ ಕಡೆ ಈಜುವುದಿಲ್ಲ. ಒಂದು ಲೀಟರ್ ನೀರು ಆ ಕ್ಷಣದ ಚಿತ್ರ ಮಾತ್ರ, ಚೀಲ ಹಲವು ದಿನ ಹರಿದ ನೀರನ್ನು ನೋಡಿರುತ್ತದೆ. ಆದ್ದರಿಂದ ನಾನು ಚೀಲವನ್ನೇ ಜಾಸ್ತಿ ನಂಬುತ್ತೇನೆ.

ಹಂತ 6: ಎಲೆಯನ್ನು ಓದುವುದು

ಎಲೆಯನ್ನು ಶುದ್ಧ ನೀರಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಫೈಟೋಫ್ತೋರಾದ ಮಚ್ಚೆ ನೀರು ಹೀರಿದಂತೆ ಕಡು ಬಣ್ಣಕ್ಕೆ ತಿರುಗಿ, ಅಂಚಿನಿಂದ ಅಥವಾ ತೊಟ್ಟಿನಿಂದ ಒಳಗೆ ಹರಡಿರುತ್ತದೆ, ಎಲೆ ಇನ್ನೂ ಗಟ್ಟಿಯಾಗಿರುತ್ತದೆ. ಇಡೀ ಎಲೆ ಲೋಳೆಯಾಗಿ ವಾಸನೆ ಬಂದರೆ ಅದು ಬ್ಯಾಕ್ಟೀರಿಯಾದ ಕೆಲಸ, ಲೆಕ್ಕಕ್ಕೆ ಹಿಡಿಯಬೇಡಿ.

ಆದರೆ ಮಚ್ಚೆ ಕಂಡಿತು ಅಂದರೆ ಮುಗಿಯಲಿಲ್ಲ. ಪಿಥಿಯಂ ಎಂಬ ಹತ್ತಿರದ ನೆಂಟ ಒಂದಿದೆ, ಮಣ್ಣಲ್ಲಿ ಎಲ್ಲೆಲ್ಲೂ ಇರುತ್ತದೆ, ಅದೂ ಈಜುತ್ತದೆ, ಅದೂ ಎಲೆಗೆ ಮಚ್ಚೆ ತರುತ್ತದೆ. ಇಲ್ಲಿ ಮೈಕ್ರೋಸ್ಕೋಪ್ ಬೇಕು. ಮಚ್ಚೆಯ ಗಡಿಯಿಂದ ಎರಡು ಮಿಲಿಮೀಟರ್ ತುಂಡು ಕತ್ತರಿಸಿ, ಶುದ್ಧ ನೀರಿನಲ್ಲಿ ಒಂದೆರಡು ದಿನ ಬೆಳಕಿನಲ್ಲಿಟ್ಟು ನೋಡಿ. ನಿಂಬೆಹಣ್ಣಿನ ಆಕಾರದ, ತುದಿಯಲ್ಲಿ ಸಣ್ಣ ಮೊಲೆತೊಟ್ಟಿನಂಥ ಉಬ್ಬಿರುವ ಚೀಲಗಳು ಕಂಡರೆ ಅವು ಸ್ಪೊರಾಂಜಿಯಂ. ಆ ನೀರನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಮತ್ತೆ ಹೊರಗೆ ತಂದರೆ, ಸ್ವಲ್ಪ ಹೊತ್ತಿನಲ್ಲಿ ಝೂಸ್ಪೋರ್‌ಗಳು ಬಿಡುಗಡೆಯಾಗುವುದನ್ನು ಕಣ್ಣಾರೆ ನೋಡಬಹುದು. ಫೈಟೋಫ್ತೋರಾದಲ್ಲಿ ಅವು ಚೀಲದ ಒಳಗೇ ತಯಾರಾಗಿ ತುದಿಯಿಂದ ಹೊರಗೆ ನುಗ್ಗುತ್ತವೆ. ಪಿಥಿಯಂನಲ್ಲಿ ಮೊದಲು ಚೀಲದ ಹೊರಗೆ ತೆಳು ಗುಳ್ಳೆಯೊಂದು ಉಬ್ಬುತ್ತದೆ, ಝೂಸ್ಪೋರ್‌ಗಳು ಆ ಗುಳ್ಳೆಯಲ್ಲಿ ರೂಪುಗೊಳ್ಳುತ್ತವೆ. ಇದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ, ಊರಿನ ಮಕ್ಕಳಿಗೂ ಕರೆದು ತೋರಿಸಿ.

ಹಂತ 7: ಲ್ಯಾಬ್‌ಗೆ ಏನು ಕೇಳಬೇಕು

ಕುಲ ಯಾವುದು ಅಂತ ಮನೆಯಲ್ಲಿ ಅಂದಾಜಾಗುತ್ತದೆ, ಜಾತಿ ಯಾವುದು ಅಂತ ಲ್ಯಾಬೇ ಹೇಳಬೇಕು. ಮೊದಲು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ, ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಕಾಸರಗೋಡು ಮತ್ತು ವಿಟ್ಲದ ಕೇಂದ್ರಗಳು, ಮೆಣಸಿಗೆ ಕೊಡಗಿನ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಇಲ್ಲೆಲ್ಲ ಈ ರೋಗ ಬಲ್ಲವರಿದ್ದಾರೆ. ಮಾದರಿ ಹೊತ್ತುಕೊಂಡು ಹೋಗುವ ಮೊದಲು ಫೋನ್ ಮಾಡಿ, ಯಾವ ದಿನ ತೆಗೆದುಕೊಳ್ಳುತ್ತಾರೆ, ಹೇಗೆ ಕಟ್ಟಿ ತರಬೇಕು ಕೇಳಿ. ಶುಕ್ರವಾರ ಕೊರಿಯರ್ ಮಾಡಿದರೆ ಭಾನುವಾರವಿಡೀ ಗೋದಾಮಿನಲ್ಲಿ ಬೇಯುತ್ತದೆ. ಸೋಮವಾರ ಕಳಿಸಿ.

ಅಲ್ಲಿ ಮೂರು ಬಗೆಯ ಪರೀಕ್ಷೆ ಇರಬಹುದು. ಮೊದಲನೆಯದು ಕಲ್ಚರ್, ಅಂದರೆ ಬೇರೆ ಶಿಲೀಂಧ್ರ, ಬ್ಯಾಕ್ಟೀರಿಯಾ ಬೆಳೆಯದಂತೆ ಔಷಧಿ ಸೇರಿಸಿದ ಅಗರ್ ಎಂಬ ಜೆಲ್ಲಿಯ ಮೇಲೆ ಇದನ್ನು ಮಾತ್ರ ಬೆಳೆಸಿ ನೋಡುವುದು. ಸಮಯ ಹಿಡಿಯುತ್ತದೆ, ಆದರೆ ಜೀವಂತ ಇದೆ ಅಂತ ಖಾತ್ರಿ. ಎರಡನೆಯದು ಪಿಸಿಆರ್, ಅಂದರೆ ಅದರ ಡಿಎನ್‌ಎ ತುಣುಕನ್ನು ಹೆಚ್ಚಿಸಿ ಗುರುತಿಸುವುದು. ಬೇಗ ಆಗುತ್ತದೆ, ಜಾತಿಯೂ ತಿಳಿಯುತ್ತದೆ, ಆದರೆ ಸತ್ತದ್ದರ ಡಿಎನ್‌ಎಯೂ ಸಿಕ್ಕಿಬಿಡಬಹುದು. ಮೂರನೆಯದು ಗರ್ಭ ಪರೀಕ್ಷೆಯ ಪಟ್ಟಿಯಂಥ ಕಿಟ್, ಕೆಲವೇ ನಿಮಿಷದಲ್ಲಿ ಗೆರೆ ತೋರಿಸುತ್ತದೆ. ಅದು ಕುಲ ಮಾತ್ರ ಹೇಳುತ್ತದೆ, ಕೆಲವು ಪಿಥಿಯಂಗೂ ಗೆರೆ ಮೂಡುತ್ತದೆ. ನನ್ನನ್ನು ಕೇಳಿದರೆ ಮೊದಲ ಸಲ ಕಲ್ಚರ್ ಮಾಡಿಸಿ, ಬೆಳೆದದ್ದರ ಜಾತಿಯನ್ನು ಪಿಸಿಆರ್‌ನಲ್ಲಿ ಖಚಿತ ಮಾಡಿಕೊಡಿ ಅಂತ ಕೇಳಿ.

ಹಂತ 8: ಫಲಿತಾಂಶ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹಳ್ಳದ ಎಲೆಯಲ್ಲಿ ಫೈಟೋಫ್ತೋರಾ ಸಿಕ್ಕಿತು ಅಂದ ಕೂಡಲೇ ಮೇಲಿನ ತೋಟದವರ ಜೊತೆ ಜಗಳಕ್ಕೆ ಹೋಗಬೇಡಿ. ಕಾಡಿನ ಹೊಳೆಗಳಲ್ಲಿ ಬಿದ್ದ ಎಲೆಗಳನ್ನು ತಿಂದು ಬದುಕುವ, ಬೆಳೆಗೆ ಏನೂ ಮಾಡದ ಫೈಟೋಫ್ತೋರಾ ಜಾತಿಗಳೂ ಇವೆ. ಜಗತ್ತಿನ ಎಷ್ಟೋ ಕಡೆ ಹೊಳೆಗಳಲ್ಲಿ ಮೊದಲು ಸಿಗುವುದು ಅವೇ. ಕಾಡಿನೊಳಗೆ ನಾಲ್ಕನೇ ಚೀಲ ಹಾಕಿ ಅಂದದ್ದು ಇದಕ್ಕೇ. ಮರದ ಗಡಿಯಲ್ಲಿ ಸಿಕ್ಕ ಜಾತಿ, ಬುಡದ ಮಣ್ಣಿನಲ್ಲಿ ಸಿಕ್ಕ ಜಾತಿ, ಹಳ್ಳದಲ್ಲಿ ಸಿಕ್ಕ ಜಾತಿ ಮೂರೂ ಒಂದೇ ಆಗಿದ್ದು, ಕಾಡಿನ ಚೀಲದಲ್ಲಿ ಅದು ಇಲ್ಲದಿದ್ದರೆ, ಆಗ ನೀರಿನ ದಾರಿಯ ಮೇಲೆ ಅನುಮಾನ ಪಡಲು ಕಾರಣ ಇದೆ. ಬರುವ ಜಾಗದ ಚೀಲ ಶುದ್ಧವಾಗಿದ್ದು ನಿಮ್ಮ ಬಸಿಗಾಲುವೆಯ ಚೀಲದಲ್ಲಿ ಸಿಕ್ಕರೆ, ಹಳ್ಳಕ್ಕೆ ರೋಗ ಕೊಡುತ್ತಿರುವುದು ನಿಮ್ಮ ತೋಟ. ಅದೂ ತಿಳಿಯಲೇಬೇಕಾದ ವಿಷಯ, ಕೆಳಗಿನವರೂ ಅದೇ ನೀರು ಬಳಸುತ್ತಾರೆ.

ಇನ್ನು ಅಡಿಕೆಯ ಕಾಯಿ ಕೊಳೆ ಗೊನೆಯಿಂದ ಗೊನೆಗೆ ಹೋಗುವುದು ಮುಖ್ಯವಾಗಿ ಮಳೆ ಹನಿ ಮತ್ತು ಗಾಳಿಯಿಂದ. ಹಳ್ಳದ ನೀರು ಶುದ್ಧ ಅಂತ ಬಂದರೂ ಗೊನೆಗೆ ಔಷಧಿ ಹೊಡೆಯುವುದನ್ನು ಬಿಡುವ ಹಾಗಿಲ್ಲ. ಮೆಣಸಿನ ಬುಡ ಮತ್ತು ಬೇರಿನ ರೋಗಕ್ಕೆ ಮಾತ್ರ ಮಣ್ಣು, ಹರಿಯುವ ನೀರು ನೇರ ದಾರಿ.

ಏನೂ ಸಿಗದಿದ್ದರೆ ರೋಗ ಇಲ್ಲ ಅಂತ ಅರ್ಥ ಅಲ್ಲ. ಆ ದಿನ, ಆ ಮಣ್ಣಲ್ಲಿ, ಆ ಎಲೆಗೆ ಸಿಗಲಿಲ್ಲ ಅಂತ ಅಷ್ಟೇ. ಅನುಮಾನ ಬಲವಾಗಿದ್ದರೆ ಅದೇ ಡಬ್ಬದ ಮಣ್ಣನ್ನು ಒಣಗಲು ಬಿಟ್ಟು, ಮತ್ತೆ ತೇವ ಮಾಡಿ, ಹೊಸ ಎಲೆ ಹಾಕಿ ಎರಡನೇ ಸಲ ಮಾಡಿ. ಮೊದಲ ಸಲ ತಪ್ಪಿಸಿಕೊಂಡದ್ದು ಎರಡನೇ ಸಲ ಸಿಗುವುದು ಉಂಟು. ಮಳೆಗಾಲದ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಒಂದೊಂದು ಸಲ ಅದೇ ಜಾಗಗಳಲ್ಲಿ ಚೀಲ ಹಾಕಿದರೆ ಒಂದು ವರ್ಷದಲ್ಲಿ ನಿಮ್ಮ ಹಳ್ಳದ ಸ್ವಭಾವ ತಿಳಿಯುತ್ತದೆ.

ಹಂತ 9: ಸ್ವಚ್ಛ ಮಾಡುವುದು

ಡಬ್ಬದಲ್ಲಿ ನೀವೀಗ ರೋಗ ಬೆಳೆಸಿದ್ದೀರಿ. ಅದನ್ನು ತೋಟಕ್ಕೆ, ಬಸಿಗಾಲುವೆಗೆ, ಬಚ್ಚಲಿಗೆ ಚೆಲ್ಲಬೇಡಿ. ನೀರು, ಮಣ್ಣು, ಎಲೆ ಎಲ್ಲವನ್ನೂ ಹಳೆ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ಆರಿದ ಮೇಲೆ ತೋಟದಿಂದ ದೂರ ಹೂಳಿ. ಆ ಡಬ್ಬಗಳು ಮತ್ತೆ ಅಡುಗೆಮನೆಗೆ ಬೇಡ. ಸೇಬನ್ನು ದನಕ್ಕೆ ಹಾಕಬೇಡಿ, ಸುಟ್ಟುಬಿಡಿ. ಗುದ್ದಲಿ, ಬೂಟಿನ ಅಡಿಯ ಕೆಸರನ್ನು ಮೊದಲು ಬ್ರಷ್‌ನಿಂದ ಪೂರ್ತಿ ಉಜ್ಜಿ ತೆಗೆದು, ಆಮೇಲೆ ಸ್ಪಿರಿಟ್ ಅಥವಾ ಬ್ಲೀಚಿಂಗ್ ಪುಡಿಯ ನೀರು ಹಾಕಿ. ಕೆಸರಿನ ಮೇಲೆಯೇ ಹಾಕಿದರೆ ಒಳಗಿರುವುದಕ್ಕೆ ಏನೂ ತಾಗುವುದಿಲ್ಲ. ಮಾದರಿ ತೆಗೆಯುವ ದಿನ ಆರೋಗ್ಯವಾದ ಭಾಗಕ್ಕೆ ಮೊದಲು ಹೋಗಿ, ರೋಗದ ಭಾಗಕ್ಕೆ ಕೊನೆಗೆ ಹೋಗಿ, ಅಲ್ಲಿಂದ ನೇರ ಮನೆಗೆ ಬನ್ನಿ.